ಅಳಿಸಿದ್ದಕ್ಕೆ ಅಂಕವಿಲ್ಲ

ಸಿಂಚನಳ ಉತ್ತರಪತ್ರಿಕೆ ಖಾಲಿಯೇನೂ ಇರಲಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದಾಗ ಕಂಡಿತು:
ಪೆನ್ಸಿಲಿನಲ್ಲಿ ಬರೆದು, ಉಜ್ಜಿ, ಮತ್ತೆ ಉಜ್ಜಿ
ಹಾಳೆ ಹಪ್ಪಳದಷ್ಟು ತೆಳ್ಳಗಾದ ಕಡೆ
ವರ್ಗಸಮೀಕರಣದ ಅಚ್ಚು,
ಎರಡು ಮೂಲಗಳೂ ಸರಿ.

ಇಪ್ಪತ್ತೆರಡು ವರ್ಷದ ಮೇಷ್ಟ್ರಿಕೆಯಲ್ಲಿ
ನಕಲು ನೋಡಿದ್ದೇನೆ, ಅಂಗೈಯಲ್ಲಿ ಬೆವತ ಸೂತ್ರ ನೋಡಿದ್ದೇನೆ,
ಪಾಸ್ ಮಾಡಿ ಸಾರ್ ಎಂದು ಪಿನ್ನು ಚುಚ್ಚಿದ ಐವತ್ತರ ನೋಟು ನೋಡಿದ್ದೇನೆ.
ಬಂದದ್ದನ್ನು ಬಾರದಂತೆ ಮಾಡುವ ಈ ಕಷ್ಟ
ನೋಡಿರಲಿಲ್ಲ.
ಅಳಿಸಿದ್ದಕ್ಕೆ ಅಂಕವಿಲ್ಲ ಎನ್ನುತ್ತದೆ ನಿಯಮ.
ಸೊನ್ನೆ ಸುತ್ತಿದೆ. ಸೊನ್ನೆ ಸುತ್ತುವುದು ಸುಲಭ,
ಮಣಿಕಟ್ಟಿಗೆ ಅಭ್ಯಾಸವಾಗಿಬಿಟ್ಟಿರುತ್ತದೆ.

ಗುರುವಾರಕ್ಕೊಮ್ಮೆ ತಬಸ್ಸುಮ್ ಮೇಡಂ ಬರುತ್ತಾರೆ,
ಮೈಸೂರಿನಿಂದ ಪ್ಯಾಸೆಂಜರ್ ರೈಲು, ಮಂಡ್ಯ ಸ್ಟೇಷನ್ನಿನಿಂದ ನಡಿಗೆ,
ಕೈಯಲ್ಲಿ ಊಟದ ಡಬ್ಬಿ.
ಆಪ್ತಸಮಾಲೋಚನೆ ಎಂದು ಸೀಮೆಸುಣ್ಣದಲ್ಲಿ ಬರೆದ ಬಾಗಿಲು;
ಒಳಗೆ ಹರಿದ ವಾಲಿಬಾಲ್ ನೆಟ್ಟು, ಗಾಳಿ ಹೋದ ಚೆಂಡು,
ಎರಡು ಕುರ್ಚಿ. ಎದುರುಬದುರಲ್ಲ, ಓರೆಯಾಗಿ ಇಟ್ಟದ್ದು.
ಅದರಲ್ಲೂ ಒಂದು ಗಣಿತವಿದೆಯೆಂದು ಆಮೇಲೆ ತಿಳಿಯಿತು.
ಸ್ಟಾಫ್ ರೂಮಿನಲ್ಲಿ ನಾವದನ್ನು ‘ಅಳೋ ರೂಮು’ ಎನ್ನುತ್ತಿದ್ದೆವು.
ಆ ಹೆಸರಿಟ್ಟವನು ನಾನೇ.

ಮೊದಲ ಗುರುವಾರ ಹುಡುಗಿ ಬಾಯಿ ಬಿಡಲಿಲ್ಲವಂತೆ.
ಎರಡನೆಯದರಲ್ಲಿ ಸಕ್ಕರೆ ಫ್ಯಾಕ್ಟರಿಯ ಕಾಕಂಬಿ ವಾಸನೆಯ ಮಾತು.
ಮೂರನೇ ಗುರುವಾರ ಸರ್ಕಾರಿ ರಜೆ.
ಕಾರಿಡಾರಿನಲ್ಲಿ ಅಡ್ಡಹಾಕಿ ಕೇಳಿದೆ:
“ಏನಂತೆ ಅವಳ ಕಥೆ? ಪರೀಕ್ಷೆ ಹತ್ತಿರ ಬಂತು.”
“ಅವಳು ಹೇಳಿ ಅಂದಾಗ, ಹೇಳಿ ಅಂದಷ್ಟು ಹೇಳ್ತೀನಿ ಸಾರ್”
ಎಂದರು, ಡಬ್ಬಿಯ ಮುಚ್ಚಳ ತಿರುಪುತ್ತ.

ಹೇಳಿ ಅಂದದ್ದು ಇಷ್ಟು:
ಮನೆಯಲ್ಲಿ ಅಣ್ಣ, ನಿಂಗರಾಜು. ಹತ್ತನೇ ಕ್ಲಾಸು ಎರಡು ಸಲ ಫೇಲು.
ಈಗ ಕಲ್ಲಹಳ್ಳಿಯ ಟೈರಿನಂಗಡಿಯಲ್ಲಿ ಕೆಲಸ.
ಇವಳಿಗೆ ಒಳ್ಳೆ ಅಂಕ ಬಂದ ರಾತ್ರಿ
ಅಜ್ಜಿ ಅವನ ತಟ್ಟೆಗೆ ಮುದ್ದೆಯ ಜೊತೆ
ಆ ಅಂಕವನ್ನೂ ಬಡಿಸುತ್ತಾಳೆ.
“ನಂಗ್ ಜಾಸ್ತಿ ಬಂದ್ರೆ ಅವ್ನು ಅರ್ಧ ಮುದ್ದೆ ಬುಟ್ಟು ಎದ್ದೋಯ್ತಾನೆ ಮೇಡಂ.
ಕಮ್ಮಿ ಬಂದ್ರೆ ಪೂರ್ತಿ ಉಣ್ತಾನೆ.”

ನಿಂಗರಾಜು.
ಅವನ ಪ್ರಗತಿಪತ್ರದಲ್ಲಿ ‘ಗಣಿತ ಇವನ ಕೈಲಾಗದು’ ಎಂದು
ಬರೆದ ಕೈ ಯಾವುದೆಂದು ನನಗೆ ಗೊತ್ತು.
ಕೆಂಪು ಶಾಯಿಗೆ ರಬ್ಬರಿಲ್ಲ.

ಕರೆಸಿದರು. ಬಂದ,
ಉಗುರಿನ ಸಂದಿಯಲ್ಲಿ ಗ್ರೀಸು.
ಗೇಟಿನಲ್ಲಿ ನನ್ನನ್ನು ಕಂಡು ಎತ್ತಿದ ಕೈ ಅರ್ಧಕ್ಕೇ ನಿಂತಿತು.
ನಮಸ್ಕಾರ ಪೂರ್ತಿ ಮಾಡಿದವನು ನಾನು.
ಅರ್ಧ ಗಂಟೆ ಮೂವರೂ ಒಳಗೆ.
ಗೋಡೆಯಾಚೆ ಒಂಬತ್ತನೆಯವರಿಗೆ ತ್ರಿಭುಜ ಬರೆಯುತ್ತಿದ್ದೆ,
ಮೂರನೇ ಗೆರೆ ಎಳೆಯಲು ಮರೆತು ನಿಂತದ್ದಕ್ಕೆ
ಹುಡುಗರು ನಕ್ಕರು.
ಒಳಗೆ ಏನು ಮಾತಾಯಿತೋ.
ಹೊರಬರುವಾಗ ತಂಗಿಯ ಜಾಮಿಟ್ರಿ ಬಾಕ್ಸು ತೆಗೆದು
ರಬ್ಬರನ್ನು ಜೇಬಿಗೆ ಹಾಕಿಕೊಂಡ.
“ಮುದ್ದೆ ನಾನ್ ಉಂಡ್ಕತೀನಿ. ನೀನ್ ಬರಿ.”
ಅಷ್ಟು ಕೇಳಿಸಿತು.

ನೂರಕ್ಕೆ ನೂರೇನೂ ಬರಲಿಲ್ಲ.
ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಐವತ್ಮೂರು.
ಒಂದು ಕಡೆ, ರಬ್ಬರಿಲ್ಲದೆ,
ಬೆರಳಿಗೆ ಎಂಜಲು ಹಚ್ಚಿ ಉಜ್ಜಿದ ಕಲೆ;
ಪಕ್ಕದಲ್ಲೇ ಅದೇ ಉತ್ತರ ಮತ್ತೆ, ಈ ಸಲ ಪೆನ್ನಿನಲ್ಲಿ.

ಮುಂದಿನ ಗುರುವಾರ ಮಕ್ಕಳೆಲ್ಲ ಹೋದ ಮೇಲೆ
ಆ ಬಾಗಿಲು ತಟ್ಟಿದೆ.
“ಯಾವ ಹುಡುಗ ಸಾರ್, ಯಾರ ವಿಷಯ?” ಎಂದರು ಮೇಡಂ.
ಮೈಸೂರಿನ ರೈಲಿಗೆ ಇನ್ನೂ ನಲವತ್ತು ನಿಮಿಷವಿತ್ತು.
ಓರೆ ಕುರ್ಚಿಯಲ್ಲಿ ಕೂತೆ.
ಅಲ್ಲಿ ಕೂತವರಿಗೆ ಎದುರು ಯಾರೂ ಇರುವುದಿಲ್ಲ,
ಗಾಳಿ ಹೋದ ಚೆಂಡೊಂದು ಬಿಟ್ಟರೆ.